ಶೆಟ್ಟರ ಪಾಲಿನ ನಡಿಗೆ

ಹನುಮಸಾಗರದ ಕಿರಾಣಿ ವ್ಯಾಪಾರಿ ಅಂದಾನಪ್ಪ ಶೆಟ್ಟರು ಮುಂಜಾನೆ ಗಾದಿಯ ಮೇಲೆ ಕೂತರೆಂದರೆ ಹೈದರಾಬಾದಿನ ನಿಜಾಮರಿಂದ ಫರ್ಮಾನು ಬಂದರೂ ಏಳುವವರಲ್ಲ. ಬೆಲ್ಲದ ಪೆಂಟಿಯನ್ನು ಬಡಿಗೆಯಿಂದ ಎಳೆದುಕೊಳ್ಳುತ್ತಾರೆ, ನೊಣವನ್ನು ಬೈದೇ ಓಡಿಸುತ್ತಾರೆ, ಬಿಸಿಲು ಮೈಮೇಲೆ ಬಂದರೆ ಗಾದಿಸಮೇತ ತಮ್ಮನ್ನು ನೆರಳಿಗೆ ಎಳೆಸಿಕೊಳ್ಳುತ್ತಾರೆ. ಕೂತು ಕೂತು ಕಾಲು ಬಾತಾಗ ಹಕೀಮರು, "ಶೆಟ್ರ, ದಿನಾ ಮುಂಜಾನಿ ಹೊಂಡದ ತನಕ ನಡೀರಿ" ಎಂದರು. ಗುಡಿಯ ತನಕ ಮೈಚಾಚಿ ಅಡ್ಡಬೀಳುತ್ತ ಹೋಗುವ ಹರಕೆಯ ದೀಡ ನಮಸ್ಕಾರವನ್ನೇ ಬೇರೆಯವರಿಂದ ಹಾಕಿಸಿದರೆ ದೇವರು ಒಪ್ಪುತ್ತಾನೆ, ಇನ್ನು ಹಕೀಮರದೇನು ಹೆಚ್ಚು? ಶೆಟ್ಟರು ಆ ನಡಿಗೆಯನ್ನು ಹಮಾಲ ಯಮನೂರಪ್ಪನಿಗೆ ಒಪ್ಪಿಸಿಬಿಟ್ಟರು. ದಿನವೆಲ್ಲ ಚೀಲ ಹೊರುವ ಅವನು, ನಡೆದದ್ದರ ಫಲ ತಪ್ಪಿ ತನಗೇ ತಗಲೀತೆಂದು ಶೆಟ್ಟರ ರುಮಾಲು ಸುತ್ತಿಕೊಂಡು ಹೊಂಡಕ್ಕೆ ಹೋಗಿಬಂದು, "ನಡದು ಬಂದೀನ್ರಿ, ಈಗ ಹೆಂಗ ಅನಸ್ತೈತ್ರಿ?" ಎಂದು ಕೇಳುತ್ತಾನೆ. "ಭಾಳ ಹಗುರಾತು ನೋಡಪಾ" ಎಂದು ಶೆಟ್ಟರು ಕಾಲು ಚಾಚುತ್ತಾರೆ. ಆದರೆ ಕಟ್ಟಿಗೆ ಮಾರುವ ಹೆಣ್ಣುಮಗಳು ಯಾರಾದರೂ ತಲೆಹೊರೆಯೊಂದಿಗೆ ಅಂಗಡಿ ಮುಂದೆ ನಿಂತರೆ ಮಾತ್ರ, ಯಾರೂ ಹೇಳದೆ ಶೆಟ್ಟರು ಎದ್ದು, ಮೆಟ್ಟಿಲಿಳಿದು, ತಾವೇ ಕೈಕೊಟ್ಟು ಹೊರೆ ಇಳಿಸುತ್ತಾರೆ. ಗುಡ್ಡದಿಂದ ಹೀಗೇ ಕಟ್ಟಿಗೆ ಹೊತ್ತು ತಂದು ಅವರನ್ನು ಸಾಕಿದ ಅವ್ವ, ಮೊದಲ ಸಲ ಈ ಗಾದಿಯ ಮೇಲೆ ಕೂಡಿಸಿದ ದಿನ ಹೇಳಿದ್ದಳು: "ಕೂಡಪಾ ನನ ಮಗನ, ನಿನ್ನ ಪಾಲಿನ ನಡಿಗಿನೂ ನಾನ ನಡದು ಮುಗಿಸೀನಿ."