ಅಕ್ಕ, ತಂಗಿ ಮತ್ತು ಡೀಸೆಲಣ್ಣ

ಅಣು ವಿದ್ಯುತ್ ಸ್ಥಾವರದ ಹಿಂಬದಿಯಲ್ಲಿ, ಕ್ಯಾಂಟೀನು ದಾಟಿದ ಮೇಲೆ, ದಪ್ಪ ಗೋಡೆಯ ಎರಡು ಕೋಣೆಗಳಿವೆ. ಒಂದೊಂದರಲ್ಲಿ ಒಂದೊಂದು ಡೀಸೆಲ್ ಇಂಜಿನ್, ಲಾರಿಯಷ್ಟು ಉದ್ದ, ಆಳಿಗಿಂತ ಎತ್ತರ. ಕಾಗದದಲ್ಲಿ ಅವಕ್ಕೆ ನಂಬರುಗಳಿವೆ. ಆದರೆ ಇಪ್ಪತ್ತಾರು ವರ್ಷದಿಂದ ಅವನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಇಟ್ಟ ಹೆಸರು ಅಕ್ಕ ಮತ್ತು ತಂಗಿ. ಅಕ್ಕನದು ದಪ್ಪ ದನಿ, ನಿಧಾನದ ಸ್ವಭಾವ. ತಂಗಿಗೆ ಮೂಗಿನ ತುದಿಯಲ್ಲೇ ಕೋಪ. ಆ ಮೆಕ್ಯಾನಿಕ್‌ಗೆ ಉಳಿದವರು ಇಟ್ಟ ಹೆಸರು ಡೀಸೆಲಣ್ಣ.

ಊರಿಗೆಲ್ಲ ಕರೆಂಟು ಕೊಡುವ ಜಾಗಕ್ಕೆ ಡೀಸೆಲ್ ಯಾಕೆ ಎಂದು ಯಾರು ಕೇಳಿದರೂ ಡೀಸೆಲಣ್ಣ ಬೇಸರವಿಲ್ಲದೆ ವಿವರಿಸುತ್ತಿದ್ದರು. "ಹೊರಗಿನ ಲೈನು ಹೋದ್ರೆ ರಿಯಾಕ್ಟರ್ ತಾನಾಗೇ ನಿಲ್ಲುತ್ತೆ. ಆದ್ರೆ ಒಲೆ ಆರಿಸಿದ ತಕ್ಷಣ ಕೆಂಡ ಆರುತ್ತಾ? ಆ ಕಾವು ಇಳಿಯೋವರೆಗೂ ನೀರು ತಿರುಗ್ತಾನೇ ಇರ್ಬೇಕು. ದೀಪಕ್ಕೆ, ಮೀಟರುಗಳಿಗೆ ಬ್ಯಾಟರಿ ಇದೆ. ಪಂಪು ತಿರುಗಿಸೋಕೆ ನಮ್ಮ ಹುಡುಗೀರು. ಹತ್ತು ಸೆಕೆಂಡಲ್ಲಿ ಎದ್ದು ನಿಲ್ತಾರೆ. ಒಬ್ಬಳೇ ಸಾಕು, ಆದ್ರೂ ಇಬ್ಬರೂ ಇರ್ಬೇಕು."

ನಿಜವಾಗಿ ಎದ್ದು ನಿಲ್ಲುವ ಸಂದರ್ಭ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅದೇ ಮನೆಯವರ ತಮಾಷೆಗೆ ವಸ್ತು.

"ತಿಂಗಳಿಗೊಂದ್ಸಲ ಎಬ್ಬಿಸಿ, ಕೆಮ್ಮಿಸಿ, ಮತ್ತೆ ಮಲಗಿಸ್ತಾರೆ. ಇಷ್ಟಕ್ಕೆ ಸಂಬಳ!" ಎನ್ನುತ್ತಿದ್ದಳು ಹೆಂಡತಿ.

ಅವಳ ತಮ್ಮ ಬಸ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಅವನದು ಇನ್ನೂ ಒಂದು ಕೈ ಮೇಲೆ. "ಭಾವ, ನನ್ನ ಬಸ್ಸು ದಿನಾ ಮುನ್ನೂರು ಕಿಲೋಮೀಟರ್ ಓಡುತ್ತೆ. ನಿಮ್ಮವು ಇಪ್ಪತ್ತಾರು ವರ್ಷದಲ್ಲಿ ಎಲ್ಲೀವರೆಗೆ ಹೋದ್ವು?"

ಆ ತಿಂಗಳ ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ ಬಿತ್ತು. ಭಾಮೈದ ಹೊಸ ಬಾಡಿಗೆ ಮನೆಗೆ ಬಂದಿದ್ದ, ಅಂದು ಮಧ್ಯಾಹ್ನ ಎಲ್ಲರಿಗೂ ಅಲ್ಲೇ ಊಟ. ಡೀಸೆಲಣ್ಣ ತಂಗಿಯನ್ನು ಎಬ್ಬಿಸಿ, ಒಂದು ಗಂಟೆ ಓಡಿಸಿ ನಿಲ್ಲಿಸಿದರು. ಪರೀಕ್ಷೆಯ ಹೊತ್ತಿನಲ್ಲಿ ಗೋಡೆಯ ಮೇಲಿನ ಸ್ವಿಚ್ಚನ್ನು ಕೈಚಾಲನೆಗೆ ತಿರುಗಿಸಬೇಕು, ಮುಗಿದ ಮೇಲೆ ಮರಳಿ 'ಆಟೋ'ಗೆ ತರಬೇಕು. ತರದಿದ್ದರೆ ಕರೆಂಟು ಹೋದಾಗ ಇಂಜಿನ್ ತಾನಾಗಿ ಏಳುವುದಿಲ್ಲ. ಇದನ್ನು ಮರೆಯದಿರಲು ಡೀಸೆಲಣ್ಣ ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಸ್ವಿಚ್ಚಿನ ಹಿಡಿಗೆ ಊಟದ ಡಬ್ಬಿಯ ಚೀಲ ನೇತುಹಾಕುತ್ತಿದ್ದರು. ಹಸಿವಾದಾಗ ಚೀಲ ನೆನಪಾಗುತ್ತದೆ, ಚೀಲ ತೆಗೆಯುವಾಗ ಸ್ವಿಚ್ಚು ನೆನಪಾಗುತ್ತದೆ.

ಇದಲ್ಲದೆ ಸ್ಥಾವರದ್ದೇ ಒಂದು ಕ್ರಮವಿತ್ತು. ಒಬ್ಬರು ಮಾಡಿದ ಕೆಲಸವನ್ನು ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರು ಒಬ್ಬರೇ ಹೋಗಿ ಕಣ್ಣಾರೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಡೀಸೆಲಣ್ಣನಿಗೆ ಇದು ಒಳಗೊಳಗೇ ಚುಚ್ಚುತ್ತಿತ್ತು. ಅಂದು ಎರಡನೇ ಕಣ್ಣಾಗಿ ಬರಬೇಕಿದ್ದವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಆಪರೇಟರ್ ಹುಡುಗಿ. ಹೊರಡುವಾಗ ಕಾರಿಡಾರಿನಲ್ಲಿ ಎದುರಾದಳು.

"ಅಣ್ಣ, ತಂಗಿ ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ಆಟೋದಲ್ಲೇ ಇದೆ, ನೀನೇನು ಅಷ್ಟು ದೂರ ಹೋಗೋದು ಬೇಡಮ್ಮ. ಟಿಕ್ ಹಾಕ್ಬಿಡು."

ಹುಡುಗಿ ನಕ್ಕು ಮುಂದೆ ನಡೆದಳು.

ಮಧ್ಯಾಹ್ನ ಒಂದು ಗಂಟೆಗೆ ಗಾಳಿ ಎದ್ದಿತು. ಭಾಮೈದನ ಮನೆಯ ತಗಡಿನ ಬಾಗಿಲು ಪಟಪಟ ಬಡಿಯಿತು, ದೂರದಲ್ಲಿ ಏನೋ ಢಮಾರೆಂದಿತು, ಫ್ಯಾನು ನಿಂತಿತು. ಡೀಸೆಲಣ್ಣ ಮೊದಲ ತುತ್ತು ಕಲಸುತ್ತಿದ್ದರು. ಕಿಟಕಿಯಾಚೆ ಇಡೀ ಬೀದಿಗೇ ಕರೆಂಟು ಹೋಯಿತೆಂದು ಅಕ್ಕಪಕ್ಕದವರು ಕೂಗಾಡುವುದು ಕೇಳಿಸಿತು. ದೊಡ್ಡ ಲೈನೇ ಹೋಗಿದೆ ಅಂದುಕೊಂಡರು. ಮರುಕ್ಷಣ ಅವರ ಕಣ್ಣು ಮೂಲೆಯಲ್ಲಿದ್ದ ತಮ್ಮ ಸಾಮಾನಿನ ಮೇಲೆ ಬಿತ್ತು. ಟೋಪಿ ಇತ್ತು, ಟಾರ್ಚು ಇತ್ತು. ಊಟದ ಚೀಲ ಇರಲಿಲ್ಲ. ಊಟಕ್ಕೆ ಇಲ್ಲಿಗೆ ಬರುವುದೆಂದು ಅಂದು ಕೆಲಸಕ್ಕೆ ಚೀಲವನ್ನೇ ಒಯ್ದಿರಲಿಲ್ಲ. ಹಾಗಾದರೆ ಸ್ವಿಚ್ಚು?

ಎಷ್ಟು ನೆನಪಿಸಿಕೊಂಡರೂ ಕೈ ತಿರುಗಿಸಿದ್ದು ನೆನಪಿಗೆ ಬರಲಿಲ್ಲ. ನೋಡಬೇಡ ಎಂದು ತಾವೇ ಹೇಳಿದ್ದು ಮಾತ್ರ ಅಕ್ಷರಶಃ ನೆನಪಿತ್ತು.

ಫೋನು ಮಾಡಿದರು. ಇಂಥ ಹೊತ್ತಿನಲ್ಲಿ ಕಂಟ್ರೋಲ್ ರೂಮಿನವರು ಹೊರಗಿನ ಫೋನು ಎತ್ತುವುದಿಲ್ಲ.

"ಸ್ಕೂಟರ್ ತೆಗಿ," ಎಂದರು ಭಾಮೈದನಿಗೆ, ಕಲಸಿದ ಕೈಯಲ್ಲೇ.

"ರೀ, ಕೈಯಾದ್ರೂ ತೊಳ್ಕೊಳ್ಳಿ!" ಹೆಂಡತಿ ಚೊಂಬು ಹಿಡಿದು ಬಾಗಿಲವರೆಗೆ ಓಡಿಬಂದಳು. ಅರ್ಧ ಕೈಗೆ ಬಿತ್ತು, ಅರ್ಧ ಪ್ಯಾಂಟಿಗೆ.

ದಾರಿಯುದ್ದಕ್ಕೂ ಮುರಿದ ಕೊಂಬೆಗಳು. ಹಿಂದೆ ಕೂತು ಡೀಸೆಲಣ್ಣ ಎಲ್ಲವನ್ನೂ ಹೇಳಿಬಿಟ್ಟರು. ಭಾಮೈದ ಮೊದಲ ಸಲ ತಮಾಷೆ ಮಾಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಭಾವ, ಅಕ್ಕ ಒಬ್ಬಳೇ ಸಾಕು ಅಂತಿದ್ರಲ್ಲ?"

"ಸಾಕು. ಆದ್ರೆ ಅವಳಿಗೇನಾದ್ರೂ ಆದ್ರೆ? ಆಗ ತಂಗಿ ಮಲಗಿದ್ರೆ ಅದು ನನ್ನಿಂದ."

ಗೇಟಿಗೆ ನೂರು ಹೆಜ್ಜೆ ಇರುವಾಗ ಡೀಸೆಲಣ್ಣ ಅವನ ಭುಜ ಅಮುಕಿದರು. "ಗಾಡಿ ಆಫ್ ಮಾಡು. ಏನೂ ಕೇಳಿಸ್ತಿಲ್ಲ."

ಸ್ಕೂಟರು ನಿಂತಿತು. ಗಾಳಿ ಬೀಸುತ್ತಿತ್ತು. ಅದರ ಅಡಿಯಿಂದ ನೆಲ ನಡುಗಿಸುವ ದಪ್ಪ ದನಿಯೊಂದು ಬಂತು. ಅಕ್ಕ. ಡೀಸೆಲಣ್ಣ ಕಣ್ಣು ಮುಚ್ಚಿದರು. ಗಾಳಿ ಒಮ್ಮೆ ತಗ್ಗಿದಾಗ ಅದರ ಪಕ್ಕದಲ್ಲೇ ಇನ್ನೊಂದು ದನಿ, ತೆಳ್ಳಗೆ, ಸಿಡುಕುತ್ತಾ, ಬೈಯುತ್ತಿರುವ ಹಾಗೆ.

"ಎದ್ದಿದ್ದಾಳೆ!" ಎಂದು ಕೂಗಿ ಭಾಮೈದನ ಬೆನ್ನಿಗೆ ಅವರು ಹೊಡೆದ ಏಟಿಗೆ ಅವನು ಸ್ಕೂಟರಿನ ಸಮೇತ ವಾಲಿದ.

ಒಳಗೆ ಯಾರೂ ಗಾಬರಿಯಲ್ಲಿರಲಿಲ್ಲ. ರಿಯಾಕ್ಟರ್ ನಿಂತಿತ್ತು, ಇಬ್ಬರೂ ಎಂಟೂವರೆ ಸೆಕೆಂಡಿನಲ್ಲಿ ಎದ್ದಿದ್ದರು, ಪಂಪುಗಳು ಒಂದಾದ ಮೇಲೊಂದು ತಿರುಗಿದ್ದವು. ಡೀಸೆಲಣ್ಣ ಇಂಜಿನ್ನುಗಳ ಎಣ್ಣೆ, ಕಾವು ಎಲ್ಲ ನೋಡಿ, ಕೊನೆಗೆ ಪುಸ್ತಕ ತೆರೆದರು. ಹುಡುಗಿಯ ದುಂಡು ಅಕ್ಷರ: 'ಹನ್ನೊಂದು ಹತ್ತಕ್ಕೆ ಹೋಗಿ ನೋಡಲಾಯಿತು. ಸ್ವಿಚ್ಚು ಕೈಚಾಲನೆಯಲ್ಲಿತ್ತು. ಶಿಫ್ಟ್ ಮುಖ್ಯಸ್ಥರಿಗೆ ತಿಳಿಸಿ ಆಟೋಗೆ ತರಲಾಯಿತು.'

"ಬೇಡ ಅಂದಿದ್ದೆನಲ್ಲ, ಯಾಕೆ ಹೋದೆ?"

ಹುಡುಗಿ ತಲೆ ತಗ್ಗಿಸಿದಳು. "ನೋಡದೆ ಟಿಕ್ ಹಾಕೋಕೆ ಕೈ ಬರಲಿಲ್ಲ ಅಣ್ಣ. ನೀವು ಬೈದರೆ ಬೈಸ್ಕೊಳ್ಳೋಣ ಅಂತ ಹೋದೆ."

ಡೀಸೆಲಣ್ಣ ಪೆನ್ನು ತೆಗೆದುಕೊಂಡು ಕೆಳಗೆ ಬರೆದರು: 'ತಪ್ಪು ನನ್ನದು. ಹೋಗಿ ನೋಡುವುದು ಬೇಡ ಎಂದೂ ನಾನೇ ಹೇಳಿದ್ದೆ.' ಇಪ್ಪತ್ತಾರು ವರ್ಷದಲ್ಲಿ ಅವರ ಹೆಸರಿನಲ್ಲಿ ಬಿದ್ದ ಮೊದಲ ತಪ್ಪು, ಅವರದೇ ಕೈಬರಹದಲ್ಲಿ.

"ಅಯ್ಯೋ ಅಣ್ಣ, ಆ ಮಾತು ನಾನು ಬರೆದಿರಲಿಲ್ಲ!"

"ಗೊತ್ತಮ್ಮ. ಅದಕ್ಕೇ ನಾನು ಬರೆದೆ."

ಸಂಜೆಯೊಳಗೆ ಲೈನು ಬಂತು. ಕಾವು ತಗ್ಗುತ್ತಿತ್ತು, ಅಕ್ಕ ತಂಗಿಯರನ್ನು ಮಲಗಿಸಲಾಯಿತು. ಈಗ ಡೀಸೆಲಣ್ಣ ಹೊಸಬರಿಗೆ ಪಾಠ ಹೇಳುತ್ತಾರೆ. ಮೊದಲ ದಿನವೇ ತಂಗಿಯ ಸ್ವಿಚ್ಚು ಆಟೋದಲ್ಲಿದೆ ಎಂದು ಗಟ್ಟಿಯಾಗಿ ಹೇಳಿ ಸುಮ್ಮನಾಗುತ್ತಾರೆ. ಹೆಚ್ಚಿನವರು ಬರೆದುಕೊಳ್ಳುತ್ತಾರೆ. ಯಾರಾದರೂ ಒಬ್ಬರು ಹಿಂಜರಿಯುತ್ತಾ ಎದ್ದು, "ಅಣ್ಣ, ಒಂದ್ಸಲ ಹೋಗಿ ನೋಡ್ಕೊಂಡು ಬರಲಾ?" ಎಂದು ಕೇಳಿದರೆ, ಅಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಡೀಸೆಲಣ್ಣನ ಖರ್ಚಿನಲ್ಲೇ ಚಹಾ.