ಕತ್ತರಿ ತಾಗದ ಒಂದು ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನ ಡೋನಟ್ ಅಂಗಡಿಯಲ್ಲಿ ಮೊದಲ ಬಾಣಲೆ ಇಳಿಯುವ ಹೊತ್ತಿಗೆ ಡೆಲ್ಫೀನ್ ಹ್ಯಾಸ್ಕೆಲ್ ಕಿಟಕಿ ಪಕ್ಕದ ಮೇಜು ಹಿಡಿದಾಗಿದೆ. ವಯಸ್ಸು ಅರವತ್ತೆಂಟು. ಎದುರಿಗೆ ಚಿತ್ರಕಥೆಯ ಹಾಳೆಗಳು, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಬರೆದದ್ದನ್ನೆಲ್ಲ ಬಾಯಲ್ಲಿ ಆಡಿ ನೋಡುವ ಅಭ್ಯಾಸ ಅವರದು, ಹೊಸಬರು ಪಕ್ಕದಲ್ಲಿ ಕೂರಲು ಹಿಂಜರಿಯುತ್ತಾರೆ.

"ಇವತ್ತು ಯಾರನ್ನ ಸಾಯಿಸ್ತಿದೀರ ಅಕ್ಕಾ?" ಅಂಗಡಿಯ ಯಜಮಾನ ಸೊಖಾ ಕಾಫಿ ಇಡುತ್ತಾ ಕೇಳುತ್ತಾನೆ. ಕಾಂಬೋಡಿಯಾದವನು, ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವ ಇಲ್ಲಿನ ರೂಢಿ ಅವನಿಗೆ ಇನ್ನೂ ಒಗ್ಗಿಲ್ಲ.

"ಯಾರನ್ನೂ ಇಲ್ಲ ಕಣಯ್ಯ, ಇಬ್ಬರಿಗೆ ಮದುವೆ ಮಾಡಿಸ್ತಿದೀನಿ. ಸಾಯಿಸೋದೇ ಸುಲಭ."

ಡೆಲ್ಫೀನ್ ಮೂರು ಕಾದಂಬರಿ ಬರೆದಿದ್ದಾರೆ. ಮೂರೂ ಈಗ ಹಳೇ ಪುಸ್ತಕದ ಅಂಗಡಿಯಲ್ಲಿ ಹುಡುಕಿದರೆ ಸಿಕ್ಕಾವು. ಮೊದಲನೆಯದು 'ಪೀಚ್ ಕಾಲ'. ಅವರ ತಾಯಿ ಸ್ಟಾಕ್‌ಟನ್ನಿನಲ್ಲಿ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವರು. ಪೀಚ್ ಸಿಪ್ಪೆ ತೆಗೆಯಲು ಬಳಸುವ ಕ್ಷಾರದ ನೀರಿಗೆ ಆ ತಾಯಿಯ ಬೆರಳ ಗೆರೆಗಳೇ ಸವೆದುಹೋಗಿದ್ದವಂತೆ. ಆ ಕೈಗಳ ಬಗ್ಗೆ ಕಾದಂಬರಿಯ ಕೊನೆಯಲ್ಲಿ ಅರ್ಧ ಪುಟವಿದೆ. ಅವರ ಬಗ್ಗೆ ಲೇಖನ ಬರೆಯಲು ಪಕ್ಕದಲ್ಲಿ ಕೂತಿರುವ ನಾನು ಅದನ್ನು ಓದಿ ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆ ಪುಸ್ತಕ ಓದಿದ ಯಾರೋ ಒಬ್ಬ ನಿರ್ಮಾಪಕ ಒಂದು ತಿಂಗಳ ಕೆಲಸಕ್ಕೆಂದು ಅವರನ್ನು ಇಲ್ಲಿಗೆ ಕರೆಸಿದ. ಆ ತಿಂಗಳು ಇನ್ನೂ ಮುಗಿದಿಲ್ಲ. ಬೇರೆಯವರು ಕೆಡಿಸಿಟ್ಟ ಚಿತ್ರಕಥೆಯನ್ನು ರಿಪೇರಿ ಮಾಡುವುದೇ ಕಸುಬಾಯಿತು. ರಿಪೇರಿ ಮಾಡಿದವರ ಹೆಸರು ತೆರೆಯ ಮೇಲೆ ಬರುವುದು ಅಪರೂಪ. ದೊಡ್ಡ ಹೆಸರಿನವರು ಬಹುಮಾನ ಹಿಡಿದು ಭಾಷಣ ಬಿಗಿಯುವುದನ್ನು ಟೀವಿಯಲ್ಲಿ ನೋಡುವಾಗ ನನಗೆ ಮೈ ಉರಿಯುತ್ತದೆ. ಡೆಲ್ಫೀನ್ ಮಾತ್ರ, "ಆ ಹುಡುಗ ಕೋಟು ಎಷ್ಟು ಚೆನ್ನಾಗಿ ಆರಿಸಿದಾನೆ ನೋಡು" ಎನ್ನುತ್ತಾರೆ.

ಅವರದೊಂದು ಗುಟ್ಟಿದೆ. ಸಿನಿಮಾದ ಗುಂಪಿನಲ್ಲಿ ನಿಲ್ಲುವ ಸಣ್ಣ ನಟರಿಗೆ ತೆರೆಯ ಮೇಲೆ ಒಂದು ಮಾತು ಸಿಕ್ಕಿದರೂ ಸಂಬಳದ ದರ್ಜೆ ಏರುತ್ತದೆ. ವರ್ಷದಲ್ಲಿ ಸಾಕಷ್ಟು ಸಂಪಾದನೆಯಾದರೆ ಮಾತ್ರ ನಟರ ಸಂಘದ ಆರೋಗ್ಯ ವಿಮೆ ಉಳಿಯುತ್ತದೆ. ಯಾರಿಗೆ ಕೊಂಚ ಕಡಿಮೆ ಬಿದ್ದಿದೆ ಎಂದು ತಿಳಿದುಕೊಂಡು ಡೆಲ್ಫೀನ್ ಅವರಿಗೊಂದು ಮಾತು ಬರೆಯುತ್ತಾರೆ.

"ಬರೆದರೆ ಸಾಲದು, ಉಳಿಯಬೇಕು. 'ಕಾಫಿ ಬೇಕಾ ಸಾರ್' ಅಂತ ಬರೆದರೆ ಮಾರನೇ ದಿನವೇ ಕತ್ತರಿ. ಆ ಮಾತು ಇಲ್ದಿದ್ರೆ ನಾಯಕನಿಗೆ ದಾರಿನೇ ಗೊತ್ತಾಗಬಾರದು. ಆಗ ಯಾರೂ ಮುಟ್ಟಲ್ಲ."

ಇದನ್ನು ಬರೆಯಲೇ ಎಂದು ಕೇಳಿದೆ. "ಕನ್ನಡದಲ್ಲಿ ತಾನೇ? ಬರಿ ಬರಿ. ಇಲ್ಲಿ ಯಾವ ನಿರ್ಮಾಪಕ ಓದ್ತಾನೆ" ಎಂದು ನಕ್ಕರು.

ಈಗ 'ಪೀಚ್ ಕಾಲ'ವೇ ಸಿನಿಮಾ ಆಗುತ್ತಿದೆ. ಇಷ್ಟು ವರ್ಷಕ್ಕೆ ಮೊದಲ ಸಲ ಅವರದೇ ಕತೆ, ಚಿತ್ರಕಥೆಯೂ ಅವರದೇ. ಮನೆ ಬಿಟ್ಟು ಹೋದ ನಾಯಕಿಯನ್ನು ಹುಡುಕಿಕೊಂಡು ಅವಳ ಅಣ್ಣ ಬಸ್ ನಿಲ್ದಾಣಕ್ಕೆ ಬರುತ್ತಾನೆ. ಟಿಕೆಟ್ ಕೊಡುವವನು ಹೇಳುತ್ತಾನೆ: "ಅವಳು ಟಿಕೆಟ್ ತಗೊಳ್ಳಲಿಲ್ಲ. ನಡ್ಕೊಂಡೇ ಹೋದಳು." ಈ ಪಾತ್ರ ಅರ್ಲೋ ಪಿಂಕ್ನಿಯದು. ಐವತ್ತೆಂಟು ವರ್ಷದ ಅರ್ಲೋ ಬದುಕಿನ ಬಹುಪಾಲು ಗುಂಪಿನಲ್ಲಿ ನಿಂತೇ ಕಳೆದವನು. ಅವನ ಹೆಂಡತಿ ನಾಡೀನಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಈ ಮಾತು ಉಳಿದರೆ ವಿಮೆ, ವಿಮೆ ಉಳಿದರೆ ಆಪರೇಷನ್.

ಫೋನ್ ಬರುತ್ತದೆ. ನಿರ್ದೇಶಕ ಗ್ರೇಡನ್. ಕೆಟ್ಟವನಲ್ಲ, ನಿದ್ದೆಗೆಟ್ಟವನು. ಡೆಲ್ಫೀನ್ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತುತ್ತಾರೆ.

"ಶೂಟಿಂಗಿಗೆ ನಾಳೆ ಒಂದೇ ದಿನ ಉಳಿದಿರೋದು ಡೆಲ್ಫೀನ್. ಎರಡು ದೃಶ್ಯ ಆಗಲ್ಲ. ಬಸ್ ನಿಲ್ದಾಣ ಬಿಟ್ಬಿಡೋಣ. ಕೊನೇಲಿ ಅಮ್ಮನ ಕೈ ಬಗ್ಗೆ ನಾಯಕಿ ಮಾತಾಡ್ತಾಳಲ್ಲ, ಅದನ್ನ ಶೂಟ್ ಮಾಡ್ತೀನಿ. ನಿಮ್ಮ ಪುಸ್ತಕದ ಜೀವ ಅದು."

"ಬಸ್ ನಿಲ್ದಾಣ ಬಿಟ್ರೆ ಅಣ್ಣ ರಸ್ತೆಗೆ ಯಾಕೆ ಓಡ್ತಾನೆ? ಕನಸು ಬಿತ್ತಾ ಅವನಿಗೆ?"

"ಹಾಗಾದ್ರೆ ಏನು ಮಾಡ್ಲಿ?"

ಡೆಲ್ಫೀನ್ ಕಿಟಕಿಯಾಚೆ ನೋಡುತ್ತಾರೆ. ಅಂಗಡಿಯ ಎದುರು ಹಳೇ ಕಾರಿನಲ್ಲಿ ಅರ್ಲೋ ಕೂತಿದ್ದಾನೆ. ಸ್ಟೀರಿಂಗ್ ಹಿಡಿದು ಅದೇ ಮಾತನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಗಡುಸಾಗಿ ಹೇಳಿ ನೋಡುತ್ತಿರುವುದು ಅವನ ತುಟಿಯಿಂದಲೇ ಗೊತ್ತಾಗುತ್ತದೆ.

"ಅಮ್ಮನ ಕೈಯ ಮಾತು ಬಿಡು," ಎನ್ನುತ್ತಾರೆ. "ಅವಳು ನಡೀತಾ ಹೋಗೋದನ್ನ ಆಗಲೇ ಶೂಟ್ ಮಾಡಿದೀಯಲ್ಲ, ಅದರಲ್ಲೇ ಮುಗಿಸು."

"ಖಂಡಿತಾನಾ?"

"ಮನಸ್ಸು ಬದಲಾಗೋದ್ರೊಳಗೆ ಫೋನ್ ಇಡು."

ನನಗೆ ಸಿಟ್ಟು ಬರುತ್ತದೆ. ಜನ್ಮಕ್ಕೊಮ್ಮೆ ಸಿಕ್ಕಿದ್ದನ್ನು ಹೀಗಾ ಕೊಟ್ಟುಬಿಡುವುದು? ಹೊಟ್ಟೆ ಉರಿಯಲ್ವಾ ಎಂದು ಕೇಳಿಯೇಬಿಡುತ್ತೇನೆ.

"ಉರಿಯುತ್ತೆ ಕಣೇ. ಯಾಕೆ ಉರಿಯಲ್ಲ?" ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಆದ್ರೆ ಅಮ್ಮನ ಕೈ ಪುಸ್ತಕದಲ್ಲಿದೆ. ನೀನೇ ಓದಿದೀಯ. ಅರ್ಲೋಗೆ ಇದೊಂದೇ. ಅವನ ಹತ್ರ ಬಾಯಿಬಿಟ್ಟೀಯ ಮತ್ತೆ."

ಸಿನಿಮಾ ಬಿಡುಗಡೆಯಾದಾಗ ಏನಾಸೆ ಎಂದು ಕೇಳುತ್ತೇನೆ. ಇಂಥ ಲೇಖನಕ್ಕೆ ಈ ಪ್ರಶ್ನೆ ಕೇಳಲೇಬೇಕಲ್ಲ. ಹೆಸರು ದೊಡ್ಡದಾಗಿ ಬರಲಿ ಎಂದಾರೇನೋ ಎಂಬ ಆಸೆ ನನ್ನದು.

"ನಾಡೀನ್ ಪಕ್ಕದ ಸೀಟು ನಂಗೆ ಸಿಗಲಿ, ಅಷ್ಟೇ," ಎನ್ನುತ್ತಾರೆ ಡೆಲ್ಫೀನ್. "ಇಷ್ಟು ವರ್ಷ ಅವನು ಗುಂಪಲ್ಲಿ ಎಲ್ಲಿದಾನೆ ಅಂತ ನಾನೇ ಅವಳ ಕಿವೀಲಿ ಹೇಳ್ತಿದ್ದೆ. ಈ ಸಲ ಅವಳೇ ನಂಗೆ ತೋರಿಸಲಿ."