ಬಸವನಹುಳು ತಿಂದ ನಾಯಿ

ನನ್ನ ಮಾವನಿಗೆ ಹೆಣ್ಣುಮಕ್ಕಳಿರಲಿಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ನನ್ನನ್ನು ‘ಯವ್ವಾ’ ಎಂದೇ ಕರೆದರು. ಆಮೇಲೆ ಅಗರಖೇಡದ ನೆಂಟರ ಮನೆಯಿಂದ ಕೈಚೀಲದಲ್ಲಿ ತಂದ ಕಂದು ಬಣ್ಣದ ಹೆಣ್ಣು ನಾಯಿಮರಿಗೂ ಅದೇ ಹೆಸರಾಯಿತು. ಅಂಗಳದಲ್ಲಿ ನಿಂತು ಅವರು ಕೂಗಿದರೆ ಅಡುಗೆಮನೆಯಿಂದ ನಾನು, ತೋಟದಿಂದ ಅವಳು, ಇಬ್ಬರೂ ಬರುತ್ತಿದ್ದೆವು.

“ಸೊಸಿಗೂ ನಾಯಿಗೂ ಒಂದ ಹೆಸರೇನ್ರಿ?” ಎಂದು ಅತ್ತೆ ಬೈಯುತ್ತಿದ್ದರು.

“ಕರದ್ರ ಇಬ್ರೂ ಬರ್ತಾರ. ನೀ ಬರ್ತೀ ಏನ್?” ಎಂಬುದು ಮಾವನ ಉತ್ತರ.

ಇಂಡಿಯಿಂದ ಲಚ್ಯಾಣದ ಕಡೆಗೆ ಹೋಗುವ ದಾರಿಯಲ್ಲಿ, ನಿಂಬೆ ತೋಟದೊಳಗೇ ನಮ್ಮ ಮನೆ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಆಯುಷ್ಯವಿಡೀ ಬಸ್ಸು ಓಡಿಸಿದ ಮಾವ ನಿವೃತ್ತರಾದ ಮೇಲೆ ತೋಟ ಬಿಟ್ಟು ಕದಲುತ್ತಿರಲಿಲ್ಲ. ನಾಯಿ ಅವರನ್ನು ಬಿಟ್ಟು ಕದಲುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿತು. ಕುತ್ತಿಗೆ ಮುಂದೆ ಚಾಚಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡವಳಂತೆ ಕೆಮ್ಮಿ ಕೊನೆಗೆ ಓಕರಿಸುತ್ತಿದ್ದಳು. ಮಾವ ಬಾಯಿ ತೆರೆಸಿ ಎಲುಬು ಹುಡುಕಿದರು, ಇರಲಿಲ್ಲ. ಅರಿಶಿನ, ಬೆಲ್ಲ ಕಲಸಿ ನೆಕ್ಕಿಸಿದರು. ಕೆಮ್ಮು ಜಗ್ಗಲಿಲ್ಲ. ತೋಟದ ಒಡ್ಡು ಹಾರುತ್ತಿದ್ದವಳು ನಾಲ್ಕು ಮರ ದಾಟುವಷ್ಟರಲ್ಲಿ ಕುಳಿತು ಏದುಸಿರು ಬಿಡತೊಡಗಿದಳು. ಒಂದು ಮುಂಜಾನೆ ಮಾವನ ತೊಡೆಯ ಮೇಲೆ ಮೂತಿ ಇಟ್ಟು ಮಲಗಿ ಎದ್ದಾಗ, ಅವರ ಬಿಳಿ ಧೋತರದ ಮೇಲೆ ರಕ್ತದ ಕಲೆಯಿತ್ತು. ಮಾವ ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟರು.

“ಗಾಡಿ ತಗಿ ಯವ್ವಾ,” ಎಂದರು. ಈ ಸಲ ನನಗೇ ಹೇಳಿದ್ದು.

ಸ್ಕೂಟರಿನ ಹಿಂದೆ ಅವಳನ್ನು ಕೌದಿಯಲ್ಲಿ ಸುತ್ತಿ ತಬ್ಬಿಕೊಂಡು ಕುಳಿತರು. ಇಂಡಿಯ ದನದ ದವಾಖಾನೆಯಲ್ಲಿದ್ದ ಡಾಕ್ಟರು ಮುದ್ದೇಬಿಹಾಳದ ಕಡೆಯ ಹೆಣ್ಣುಮಗಳು. ನಾಯಿಯ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನಾವು ಎಣಿಸದ ಪ್ರಶ್ನೆ ಕೇಳಿದರು.

“ತ್ವಾಟದಾಗ ಬಸವನಹುಳ ಅದಾವೇನ್ರಿ ಅಜ್ಜಾರ?”

“ಈ ವರ್ಷ ಭಾಳ್ರಿ. ಲಿಂಬಿ ಗಿಡದ ಬುಡಕ ಹಸಿ ಇರತೈತಲ್ರಿ.”

“ಇಕಿ ತಿಂತಾಳೇನ್ರಿ?”

“ಕಟಕಟ ಕಡೀತಾಳ್ರಿ, ಶೇಂಗಾ ತಿಂದಂಗ,” ಎಂದು ಮಾವ ಹೇಳಿದರು, ಮೊಮ್ಮಗಳ ತುಂಟತನ ಹೇಳುವ ಧಾಟಿಯಲ್ಲಿ.

ಕೆಲವು ಬಸವನಹುಳುಗಳ ಮೈಯಲ್ಲಿ ಇನ್ನೊಂದು ಸಣ್ಣ ಹುಳುವಿನ ಮರಿ ಇರುತ್ತದೆ, ಅದು ನಾಯಿಯ ಹೊಟ್ಟೆ ಸೇರಿ ಅಲ್ಲಿಂದ ಪುಪ್ಪುಸಕ್ಕೆ ಹೋಗಿ ಬೆಳೆಯುತ್ತದೆ ಎಂದು ಡಾಕ್ಟರು ತಿಳಿಸಿದರು. ನಮ್ಮ ಕಡೆ ಅಪರೂಪ, ಆದರೂ ನೋಡಿಯೇ ಬಿಡೋಣ, ನಾಳೆ ಮುಂಜಾನೆ ಅವಳ ಹೇಲು ತಾಜಾ ಇರುವಾಗಲೇ ತನ್ನಿ ಎಂದರು.

ಸಾಲೆಯಲ್ಲಿ ಕಲಿಸುವ ನನಗೆ ಮರುದಿನ ರಜೆ ಇರಲಿಲ್ಲ. ಮಾವ ನಸುಕಿನಲ್ಲೇ ನಾಯಿಯ ಹಿಂದೆ ತೋಟವೆಲ್ಲ ಸುತ್ತಿ, ಮುಚ್ಚಳ ಬಿಗಿಯಿದ್ದ ಡಬ್ಬಿಯೊಂದಿಗೆ ಟೆಂಪೋ ಹತ್ತಿದರು. ಪಕ್ಕದವನು ಕೇಳಿದನಂತೆ, “ಡಬ್ಬ್ಯಾಗ ಏನೈತ್ರಿ ಯಜಮಾನ್ರ, ಪೇಢೆ ಏನ್ರಿ?”

“ನಿನಗ ಸೇರೂದಲ್ಲ ಬಿಡಪಾ,” ಎಂದು ಮಾವ ಇಂಡಿ ಬರುವವರೆಗೂ ಡಬ್ಬಿಯನ್ನು ಎದೆಗವಚಿಕೊಂಡೇ ಕುಳಿತಿದ್ದರು.

ಡಾಕ್ಟರು ಅದನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಗಾಜಿನ ಆಲಿಕೆಯಲ್ಲಿ ಉಗುರುಬೆಚ್ಚನೆಯ ನೀರು ತುಂಬಿ ಅದರಲ್ಲಿ ಇಳಿಬಿಟ್ಟರು. ಒಳಗೆ ಮರಿಗಳಿದ್ದರೆ ಹೊರಬಂದು ತಳಕ್ಕೆ ಇಳಿಯುತ್ತವಂತೆ. ಮರುದಿನ ಸಾಲೆಗೆ ಹೋಗುವ ಮುನ್ನ ನಾನೂ ಮಾವನ ಜೊತೆ ಹೋದೆ. ತಳದ ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಡಾಕ್ಟರು ಮಾವನನ್ನೇ ಕರೆದರು.

“ಅಯ್ಯಯ್ಯ, ಈಸಾಡಾಕತ್ತಾವಲ್ರಿ!” ಎಂದು ಮಾವ ಹುಡುಗನಂತೆ ಬೆರಗಾದರು. ಮರುಕ್ಷಣವೇ ಮುಖ ಸಣ್ಣದಾಯಿತು. “ಇವು ನಮ್ಮವ್ವನ ಎದಿಯಾಗ ಅದಾವೇನ್ರಿ?”

“ಇವುಗಳ ತಾಯಿ-ತಂದಿ ಅಲ್ಲಿ ಅದಾವ್ರಿ. ಔಷಧ ಐತಿ, ಅಂಜಬ್ಯಾಡ್ರಿ. ಆದ್ರ ಹುಳ ಸಾಯೂಮುಂದ ಕೆಮ್ಮು ಹೆಚ್ಚಾಗಬಹುದು. ಓಡಾಕ ಬಿಡಬ್ಯಾಡ್ರಿ.”

ಹಗ್ಗ ಕಂಡರಿಯದ ನಾಯಿ ಅವಳು. ಮಾವ ತಮ್ಮ ಮಂಚವನ್ನು ಪಡಸಾಲೆಗೆ ತಂದು ಅದರ ಕಾಲಿಗೇ ಅವಳನ್ನು ಕಟ್ಟಿ, ತಾವೂ ಅಲ್ಲೇ ಉಳಿದರು. ರೊಟ್ಟಿಗೆ ಬೆಣ್ಣೆ ಸವರಿ ಗುಳಿಗೆ ಮುಚ್ಚಿಟ್ಟರೆ ಬೆಣ್ಣೆ ನೆಕ್ಕಿ ಗುಳಿಗೆ ಉಗುಳುತ್ತಿದ್ದಳು. ಕೊನೆಗೆ ಅತ್ತೆ ಗುಳಿಗೆ ಅರೆದು ಗಟ್ಟಿ ಮೊಸರಲ್ಲಿ ಕಲಸಿ ಕೊಟ್ಟರು. ಬಟ್ಟಲು ಸ್ವಚ್ಛವಾಯಿತು.

ಒಂದು ಮಧ್ಯಾಹ್ನ ಅವಳ ಉಸಿರಾಟ ಬಹಳ ಬಿಗಡಾಯಿಸಿತು. ನಾನು ಸಾಲೆಯಿಂದ ಬಂದಾಗ ಮಾವ ಡಾಕ್ಟರಿಗೆ ಫೋನು ಹಚ್ಚಿ, ಫೋನನ್ನು ನಾಯಿಯ ಎದೆಗೆ ಹಿಡಿದಿದ್ದರು. “ಕೇಳ್ರಿ ಬಾಯಾರ, ನೀವ ಕೇಳ್ರಿ,” ಎನ್ನುತ್ತಿದ್ದರು. ಕೂಡಲೇ ಕರೆದೊಯ್ದೆವು. ಇಂಜೆಕ್ಷನ್ ಆದ ಮೇಲೆ ಅವಳು ಕೌದಿಯಲ್ಲೇ ನಿದ್ದೆ ಹೋದಳು. ಅಂದಿನಿಂದ ದಿನದಿನಕ್ಕೆ ಕೆಮ್ಮು ಕಡಿಮೆಯಾಯಿತು, ಮೈ ತುಂಬಿತು. ಕೆಲ ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿದಾಗ ಆ ಹನಿಯಲ್ಲಿ ಏನೂ ಇರಲಿಲ್ಲ. ಮಾವ ಮಾತ್ರ ಆ ಖಾಲಿ ನೀರನ್ನು ಬಹಳ ಹೊತ್ತು ನೋಡಿದರು.

ಈಗ ಮಳೆ ಬಿದ್ದರೆ ಸಾಕು, ಅತ್ತೆ-ಮಾವ ಬಕೆಟ್ಟು ಹಿಡಿದು ಗಿಡಗಳ ಬುಡದಲ್ಲಿ ಬಸವನಹುಳು ಆರಿಸುತ್ತಾರೆ. ಮೊನ್ನೆ ನಮ್ಮ ತೋಟದ ಪಕ್ಕ ಕುರಿ ಹಿಂಡು ತರುಬಿ ಬೀಡುಬಿಟ್ಟಿದ್ದ ಕುರುಬನ ನಾಯಿ ಕೆಮ್ಮಿತು.

“ನಾಯಿ ಕೆಮ್ಮಿದ್ರ ಯಾರರೆ ದವಾಖಾನಿಗೆ ಹೋಗ್ತಾರೇನ್ರಿ?” ಎಂದು ಅವನು ನಕ್ಕ.

ಮಾವ ಆ ನಾಯಿಯ ಪಕ್ಕೆಗೆ ಕಿವಿಯಿಟ್ಟು ಕುಳಿತರು. “ನಡಿ, ನಾನೂ ಬರ್ತೇನಿ,” ಎಂದು ಎದ್ದೇಬಿಟ್ಟರು. ಮರುದಿನ ಸಂಜೆ ದವಾಖಾನೆಯಿಂದ ಬಂದಾಗ ಅವರ ಮುಖ ಅರಳಿತ್ತು.

“ಅದಕ್ಕ ಬರೇ ನೆಗಡಿ ಅಂತ,” ಎಂದರು, ಸ್ವಂತ ಮನೆಯ ಸುದ್ದಿ ಹೇಳುವಂತೆ.